ಮನೆಮಂದಿಯ ಕಂಪ್ಯೂಟರು ಮತ್ತು ಅದರ ಬೀಗದ ಕೈ

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ನಡುಮನೆಯ ಮೂಲೆಯ ಮೇಜಿನ ಮೇಲಿರುವ ಕಂಪ್ಯೂಟರು ಯಾರೊಬ್ಬರ ಸ್ವತ್ತೂ ಅಲ್ಲ. ಬೆಳಗಿನ ಹೊತ್ತು ಅದರ ಮುಂದೆ ಮಗಳು ಕಾಲೇಜಿನ ಪ್ರಾಜೆಕ್ಟು ವರದಿಯನ್ನು ಸಿದ್ಧಪಡಿಸುತ್ತಾಳೆ. ಮಧ್ಯಾಹ್ನ ತಾಯಿ ವಿದ್ಯುತ್ತಿನ ಬಿಲ್ಲನ್ನು ಕಟ್ಟಿ ಗ್ಯಾಸಿನ ಸಿಲಿಂಡರಿಗೆ ಹೇಳುತ್ತಾರೆ. ಸಂಜೆ ಶಾಲೆಯಿಂದ ಬಂದ ಹುಡುಗ ಆಟದಲ್ಲಿ ಮಗ್ನನಾಗುತ್ತಾನೆ. ತಾತ ಯಕ್ಷಗಾನದ ಪ್ರಸಂಗವನ್ನೋ ಪ್ರವಚನವನ್ನೋ ಕೇಳುತ್ತಾರೆ. ಎಲ್ಲರೂ ಮಲಗಿದ ಮೇಲೆ ತಂದೆ ಅದೇ ಕುರ್ಚಿಯಲ್ಲಿ ಕುಳಿತು ಬ್ಯಾಂಕಿನ ಖಾತೆಯನ್ನು ನೋಡುತ್ತಾರೆ, ಆದಾಯ ತೆರಿಗೆಯ ರಿಟರ್ನು ತುಂಬುತ್ತಾರೆ. ಹೀಗೆ ವಯಸ್ಸು, ವಿದ್ಯೆ, ಅಭಿರುಚಿ, ಎಚ್ಚರಿಕೆ ಇವೆಲ್ಲದರಲ್ಲಿಯೂ ಪರಸ್ಪರ ಭಿನ್ನರಾದ ಐವರು ಬಳಸುವ ಆ ಯಂತ್ರವು, ತನ್ನ ಮಟ್ಟಿಗೆ, ಅವರನ್ನೆಲ್ಲ ಒಬ್ಬನೇ ವ್ಯಕ್ತಿಯೆಂದು ತಿಳಿದುಕೊಂಡಿರುತ್ತದೆ. ಏಕೆಂದರೆ ಅದನ್ನು ಅಂಗಡಿಯಿಂದ ತಂದ ದಿನ ತೆರೆದ ಒಂದೇ ಒಂದು ಖಾತೆಯಲ್ಲಿ, ಅನೇಕ ವೇಳೆ ಪಾಸ್‌ವರ್ಡು ಸಹ ಇಲ್ಲದೆ, ಎಲ್ಲರೂ ಎಲ್ಲವನ್ನೂ ನಡೆಸಿಕೊಂಡು ಬರುತ್ತಿರುತ್ತಾರೆ. ಆ ಖಾತೆಯಾದರೋ ಯಂತ್ರದ ಸರ್ವಾಧಿಕಾರವನ್ನೂ ಹೊಂದಿರುವ ಅಡ್ಮಿನಿಸ್ಟ್ರೇಟರ್ ಖಾತೆ. ಆಟದ ಆಸೆಯಿಂದ ಬಾಲಕನೊಬ್ಬ ಒತ್ತಿದ ಗುಂಡಿಗೆ ಆ ಕ್ಷಣದಲ್ಲಿ ಮನೆಯ ಯಜಮಾನರ ಅಪ್ಪಣೆಯಷ್ಟೇ ಬಲವುಂಟೆಂಬುದನ್ನು ಆ ಬಾಲಕನೂ ಅರಿಯನು, ಯಜಮಾನರೂ ಅರಿತಿರುವುದಿಲ್ಲ.

ವೈರಸ್ಸಿನಿಂದಲೂ ಸ್ಪೈವೇರ್ ಎಂಬ ಗೂಢಚಾರ ತಂತ್ರಾಂಶದಿಂದಲೂ ರಕ್ಷಣೆಯೆಂದ ಕೂಡಲೆ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಹೊಳೆಯುವುದು ಆಂಟಿವೈರಸ್. ವರ್ಷಕ್ಕೊಮ್ಮೆ ಅದರ ಚಂದಾ ಕಟ್ಟಿ, ಪರದೆಯ ಮೂಲೆಯಲ್ಲಿ ಅದರ ಚಿಹ್ನೆ ಹಸಿರಾಗಿರುವುದನ್ನು ಕಂಡು, ಕರ್ತವ್ಯ ಮುಗಿಯಿತೆಂದು ನಿಶ್ಚಿಂತರಾಗುವವರು ಬಹಳ ಮಂದಿ. ಅದು ವ್ಯರ್ಥವೆಂದು ನಾನು ಹೇಳಲಾರೆ. ಆದರೆ ಹಲವರು ಹಂಚಿಕೊಂಡು ಬಳಸುವ ಯಂತ್ರದಲ್ಲಿ ಮೊದಲು ಆಗಬೇಕಾದ ಕೆಲಸ ಅಧಿಕಾರದ ವಿಭಜನೆಯೆಂದೂ, ಅದರ ಬಳಿಕ ಬೇಕಾದುದು ತಪ್ಪಿದವರು ನಿರ್ಭಯವಾಗಿ ಬಂದು ಹೇಳಬಹುದಾದ ವಾತಾವರಣವೆಂದೂ, ಆಂಟಿವೈರಸ್ಸಿನ ಸ್ಥಾನ ಇವೆರಡರ ಅನಂತರವೆಂದೂ ನನ್ನ ದೃಢವಾದ ಅಭಿಪ್ರಾಯ.

ಈ ಕ್ರಮದ ಕಾರಣ ತಿಳಿಯಬೇಕಾದರೆ ವೈರಸ್ಸಿನಂಥ ಕೇಡಿನ ತಂತ್ರಾಂಶಗಳು ಯಂತ್ರದೊಳಕ್ಕೆ ಪ್ರವೇಶ ಪಡೆಯುವ ಬಗೆಯನ್ನು ಸ್ವಲ್ಪ ವಿಚಾರಿಸಬೇಕು. 1986ರಲ್ಲಿ ಲಾಹೋರ್ ನಗರದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು ರಚಿಸಿದ ‘ಬ್ರೇನ್’ ಎಂಬುದು ಐ.ಬಿ.ಎಂ. ಮಾದರಿಯ ಪರ್ಸನಲ್ ಕಂಪ್ಯೂಟರುಗಳಲ್ಲಿ ಹರಡಿದ ಮೊದಲ ವೈರಸ್ಸೆಂದು ಹೆಸರಾಗಿದೆ. ಅದರೊಳಗೆ ಅವರು ತಮ್ಮ ಹೆಸರನ್ನೂ ವಿಳಾಸವನ್ನೂ ದೂರವಾಣಿಯ ಸಂಖ್ಯೆಯನ್ನೂ ಬರೆದಿದ್ದರು. ತಾವು ಸಿದ್ಧಪಡಿಸಿದ್ದ ವೈದ್ಯಕೀಯ ತಂತ್ರಾಂಶವನ್ನು ಹಣ ಕೊಡದೆ ನಕಲು ಮಾಡುವವರನ್ನು ಪತ್ತೆಹಚ್ಚುವುದೇ ತಮ್ಮ ಉದ್ದೇಶವಾಗಿತ್ತೆಂದು ಅವರು ಮುಂದೆ ಹೇಳಿದರು. ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ, ಎಂದರೆ ಯಂತ್ರವು ಚಾಲನೆಗೊಂಡೊಡನೆ ಮೊದಲು ಓದುವ ಭಾಗದಲ್ಲಿ, ಅದು ಅಡಗಿಕೊಂಡಿರುತ್ತಿತ್ತು. ಅದಕ್ಕೆ ಕಾಲುಗಳಿರಲಿಲ್ಲ, ಅಂದಿನ ಮನೆಗಳಲ್ಲಿ ಅಂತರ್ಜಾಲವೂ ಇರಲಿಲ್ಲ. ಹಾಗಿದ್ದೂ ಅದು ಸಮುದ್ರ ದಾಟಿ ಅಮೆರಿಕದವರೆಗೆ ಹೋಯಿತು. ಒಯ್ದವರು, ಸ್ನೇಹಿತರಿಂದ ಫ್ಲಾಪಿ ತೆಗೆದುಕೊಂಡು ತಮ್ಮ ಯಂತ್ರಕ್ಕೆ ತಾವೇ ತುರುಕಿದ ಬಳಕೆದಾರರು.

ಹದಿನಾಲ್ಕು ವರ್ಷಗಳ ಬಳಿಕ, 2000ನೆಯ ಇಸವಿಯ ಮೇ 4ರಂದು, ಫಿಲಿಪ್ಪೀನ್ಸ್ ದೇಶದಿಂದ ಹೊರಟ ‘ಐ ಲವ್ ಯೂ’ ಎಂಬ ಹುಳುವು ಇದೇ ಪಾಠವನ್ನು ಇನ್ನೂ ಕಠೋರವಾಗಿ ಕಲಿಸಿತು. ಪರಿಚಿತರ ಹೆಸರಿನಲ್ಲಿ ಬಂದ ಮಿಂಚಂಚೆಗೆ ಒಂದು ಪ್ರೇಮಪತ್ರ ಲಗತ್ತಾಗಿರುತ್ತಿತ್ತು. ಆ ಫೈಲಿನ ಹೆಸರಿನ ತುದಿಯಲ್ಲಿ ಎರಡು ಪ್ರತ್ಯಯಗಳು: ಮೊದಲನೆಯದು ನಿರುಪದ್ರವಿಯಾದ ಅಕ್ಷರಪಾಠವನ್ನು ಸೂಚಿಸುವ ‘ಟಿಎಕ್ಸ್‌ಟಿ’, ಅದರ ಹಿಂದೆ, ಅದು ವಾಸ್ತವವಾಗಿ ಓಡಬಲ್ಲ ಪ್ರೋಗ್ರಾಮೆಂದು ಹೇಳುವ ‘ವಿಬಿಎಸ್’. ವಿಂಡೋಸ್ ತನಗೆ ಪರಿಚಿತವಾದ ಪ್ರತ್ಯಯವನ್ನು ತೋರಿಸದೆ ಮುಚ್ಚಿಡುವ ಪದ್ಧತಿಯುಳ್ಳದ್ದಾದುದರಿಂದ ಎರಡನೆಯದು ಯಾರ ಕಣ್ಣಿಗೂ ಬೀಳಲಿಲ್ಲ. ತೆರೆದು ನೋಡಿದವರ ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ಅದೇ ಪತ್ರ ಹೋಯಿತು. ಲಕ್ಷಾಂತರ ಯಂತ್ರಗಳಲ್ಲಿ ಚಿತ್ರಗಳೂ ದಾಖಲೆಗಳೂ ಹಾಳಾದುವು. ಇಂಥ ಕೃತ್ಯವನ್ನು ಶಿಕ್ಷಿಸುವ ಕಾನೂನು ಆಗ ಆ ದೇಶದಲ್ಲಿ ಇರಲಿಲ್ಲವಾದುದರಿಂದ ಅದನ್ನು ಬರೆದ ತರುಣನ ಮೇಲಿನ ಮೊಕದ್ದಮೆ ನಿಲ್ಲಲಿಲ್ಲ. ನಮ್ಮಲ್ಲಿ ಅದೇ ವರ್ಷದ ಅಕ್ಟೋಬರಿನಲ್ಲಿ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮು, ಅನ್ಯರ ಕಂಪ್ಯೂಟರಿಗೆ ವೈರಸ್ಸನ್ನು ಸೇರಿಸುವುದನ್ನು ಹೆಸರಿಸಿಯೇ ನಿಷೇಧಿಸಿತು. ಪ್ರತ್ಯಯವನ್ನು ಮುಚ್ಚಿಡುವ ವಿಂಡೋಸಿನ ಪದ್ಧತಿ ಮಾತ್ರ ಇಂದಿಗೂ ಹಾಗೆಯೇ ಉಳಿದಿದೆ. ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದಕ್ಕೆ ಗುರುತು ಹಾಕಿದರೆ ಫೈಲಿನ ಪೂರ್ಣನಾಮ ಕಾಣತೊಡಗುತ್ತದೆ. ಮದುವೆಯ ಕರೆಯೋಲೆಯೆಂದು ಬಂದ ಫೈಲಿನ ಕೊನೆಯಲ್ಲಿ ‘ಪಿಡಿಎಫ್’ ಇದೆಯೋ ‘ಇಎಕ್ಸ್‌ಇ’ ಇದೆಯೋ ಎಂಬುದನ್ನು ಮನೆಯ ಹಿರಿಯರೂ ಆಗ ಸ್ವತಃ ನೋಡಿಕೊಳ್ಳಬಲ್ಲರು. ಮೊಬೈಲಿಗೆ ಅದೇ ಕರೆಯೋಲೆ ‘ಎಪಿಕೆ’ ಎಂಬ ಬಾಲದೊಡನೆ ಬಂದರೆ ಅದೂ ಪತ್ರವಲ್ಲ, ಪ್ರೋಗ್ರಾಮು.

ಮನುಷ್ಯನ ಕೈ ತಾಗದೆಯೇ ಒಳನುಗ್ಗುವ ಜಾತಿಯೂ ಒಂದುಂಟು. 2017ರ ಮೇ 12ರಂದು ಜಗತ್ತನ್ನು ಕಂಗೆಡಿಸಿದ ‘ವಾನಾಕ್ರೈ’ ಅಂಥದು. ಅದು ನೂರೈವತ್ತು ದೇಶಗಳಲ್ಲಿ ಎರಡು ಲಕ್ಷಕ್ಕೂ ಮೀರಿದ ಯಂತ್ರಗಳ ಫೈಲುಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಡಲು 300 ಡಾಲರಿನಷ್ಟು ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದಕ್ಕೆ ಹೋಗುವಂತಾಯಿತು. ಆದರೆ ಅದು ನುಸುಳಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷದ ಮಾರ್ಚ್ 14ರಂದೇ ಹೊರಡಿಸಿತ್ತು. ಸುಮಾರು ಎರಡು ತಿಂಗಳ ಕಾಲ ‘ಆಮೇಲೆ ನೋಡೋಣ’ ಎಂದು ಅದನ್ನು ಮುಂದೂಡಿದವರೇ ಬಲಿಯಾದವರಲ್ಲಿ ಹೆಚ್ಚು. ಹಂಚಿಕೊಂಡ ಯಂತ್ರದಲ್ಲಿ ಈ ಮುಂದೂಡಿಕೆ ಸಹಜವಾಗಿ ಬೆಳೆಯುತ್ತದೆ, ‘ರೀಸ್ಟಾರ್ಟ್ ಮಾಡಲೆ?’ ಎಂದು ಯಂತ್ರ ಕೇಳಿದಾಗ ಮಗನಿಗೆ ಆಟ ನಿಲ್ಲಬಾರದು, ಮಗಳಿಗೆ ವರದಿ ಮುಗಿಯಬೇಕು, ತಾತನಿಗೆ ಪ್ರಶ್ನೆಯೇ ಅರ್ಥವಾಗದು. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ. ವಾರಕ್ಕೊಂದು ರಾತ್ರಿ, ಹೊಣೆಹೊತ್ತ ಒಬ್ಬರು, ಬಾಕಿಯಿರುವ ಅಪ್‌ಡೇಟುಗಳನ್ನೆಲ್ಲ ಹಾಕಿ ಯಂತ್ರವನ್ನು ಮುಚ್ಚಿ ತೆರೆಯುವುದನ್ನು ನಿಯಮವನ್ನಾಗಿ ಮಾಡಿಕೊಂಡರೆ ಸಾಕು.

ಇನ್ನು ಸ್ಪೈವೇರಿನ ಮಾತು. ಹಿಂದಿನ ವೈರಸ್ಸು ತನ್ನ ಇರವನ್ನು ಸಾರಿ ಹೇಳುತ್ತಿತ್ತು. ಪರದೆ ಕೆಟ್ಟಿತು, ಫೈಲು ಹೋಯಿತು, ಯಂತ್ರ ನಿಂತಿತು. ಗೂಢಚಾರ ತಂತ್ರಾಂಶವಾದರೋ ತಾನಿರುವುದು ಗೊತ್ತಾಗದಿರಲೆಂದೇ ಶ್ರಮಿಸುತ್ತದೆ. ಬ್ರೌಸರಿನಲ್ಲಿ ‘ನೆನಪಿಟ್ಟುಕೊಳ್ಳಲೆ?’ ಎಂದು ಕೇಳಿದಾಗ ನಾವು ಹೂಂ ಎಂದು ಉಳಿಸಿಟ್ಟ ಪಾಸ್‌ವರ್ಡುಗಳು, ಡೆಸ್ಕ್‌ಟಾಪಿನ ಮೇಲೆ ಬಿಟ್ಟ ಆಧಾರ್ ಮತ್ತು ಪ್ಯಾನ್ ಕಾರ್ಡುಗಳ ಸ್ಕ್ಯಾನ್ ಪ್ರತಿಗಳು, ಬೆರಳು ಒತ್ತಿದ ಕೀಲಿಗಳ ಅನುಕ್ರಮ, ಇವನ್ನೆಲ್ಲ ಅದು ಸದ್ದಿಲ್ಲದೆ ಕೂಡಿಸಿ ಹೊರಕ್ಕೆ ಕಳುಹಿಸುತ್ತದೆ. ಎಲ್ಲಕ್ಕಿಂತ ಅಪಾಯಕರವಾದುದು ಕುಕೀಗಳ ಕಳವು. ನಾವು ಒಮ್ಮೆ ಪಾಸ್‌ವರ್ಡನ್ನೂ ಓಟಿಪಿಯನ್ನೂ ಕೊಟ್ಟು ಒಳಹೊಕ್ಕ ಜಾಲತಾಣವು, ಮತ್ತೆ ಮತ್ತೆ ಕೇಳದಿರಲೆಂದು, ನಮ್ಮ ಬ್ರೌಸರಿನಲ್ಲಿ ಒಂದು ಗುರುತನ್ನು ಬಿಟ್ಟಿರುತ್ತದೆ. ಆ ಗುರುತನ್ನೇ ಕದ್ದೊಯ್ದು ತನ್ನ ಬ್ರೌಸರಿನಲ್ಲಿ ಇಟ್ಟುಕೊಂಡವನಿಗೆ ಪಾಸ್‌ವರ್ಡಿನ ಅಗತ್ಯವೂ ಇಲ್ಲ, ಓಟಿಪಿಯ ಅಗತ್ಯವೂ ಇಲ್ಲ. ತಂದೆಯ ಮಿಂಚಂಚೆಯ ಈ ಗುರುತೂ ಮಗನ ಆಟದ ತಾಣದ ಗುರುತೂ ಒಂದೇ ಖಾತೆಯ ಒಂದೇ ಬ್ರೌಸರಿನಲ್ಲಿ ಒತ್ತೊತ್ತಾಗಿರುವಾಗ, ಮಗನ ಆಟದ ಮೂಲಕ ಬಂದ ಕಳ್ಳನಿಗೆ ತಂದೆಯ ಮಿಂಚಂಚೆ ಅನಾಯಾಸವಾಗಿ ದೊರಕುತ್ತದೆ. ನಮ್ಮ ಮನೆಗಳ ನಿಜವಾದ ದುರ್ಬಲತೆ ಇಲ್ಲಿದೆ.

ಈ ದುರ್ಬಲತೆಗೆ ಮದ್ದನ್ನು ತಜ್ಞರು ಅರ್ಧ ಶತಮಾನದ ಹಿಂದೆಯೇ ಹೇಳಿದ್ದಾರೆ. ಜೆರೋಮ್ ಸಾಲ್ಟ್ಜರ್ ಮತ್ತು ಮೈಕೇಲ್ ಶ್ರೋಡರ್ ಎಂಬ ವಿದ್ವಾಂಸರು 1975ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಯಾವ ಪ್ರೋಗ್ರಾಮಿಗಾಗಲಿ ಯಾವ ಬಳಕೆದಾರನಿಗಾಗಲಿ ತನ್ನ ಕೆಲಸಕ್ಕೆ ಅವಶ್ಯವಾದಷ್ಟೇ ಅಧಿಕಾರವಿರತಕ್ಕದ್ದು, ಅದಕ್ಕಿಂತ ಹೆಚ್ಚು ಸಲ್ಲದು ಎಂಬ ತತ್ತ್ವವನ್ನು ಪ್ರತಿಪಾದಿಸಿದರು. ನಮ್ಮ ಹಿಂದಿನ ಅವಿಭಕ್ತ ಕುಟುಂಬಗಳು ಈ ತತ್ತ್ವವನ್ನು ಪ್ರಬಂಧವಿಲ್ಲದೆಯೇ ಆಚರಿಸುತ್ತಿದ್ದುವು: ಊಟ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ, ಅಂಗಳ ಎಲ್ಲ ಮಕ್ಕಳದು, ಆದರೆ ಉಗ್ರಾಣದ ಬೀಗದ ಕೈ ಅಜ್ಜಿಯ ಸೆರಗಿನ ತುದಿಯಲ್ಲಿ. ಅದರಿಂದ ಸೊಸೆಗಾಗಲಿ ಮೊಮ್ಮಗನಿಗಾಗಲಿ ಅವಮಾನವಾಯಿತೆಂದು ಯಾರೂ ಎಣಿಸುತ್ತಿರಲಿಲ್ಲ. ತುಪ್ಪ ಬೇಕಾದವರು ಅಜ್ಜಿಯನ್ನು ಕೇಳುತ್ತಿದ್ದರು, ಅಜ್ಜಿ ಏಕೆಂದು ವಿಚಾರಿಸಿ ತೆಗೆದುಕೊಡುತ್ತಿದ್ದಳು. ಆ ಒಂದು ಕ್ಷಣದ ವಿಚಾರಣೆಯೇ ಕಂಪ್ಯೂಟರಿನಲ್ಲಿಯೂ ನಮಗೆ ಬೇಕಾಗಿರುವುದು. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಮನೆಯ ಬಳಕೆದಾರರೆಲ್ಲರೂ ವಾಡಿಕೆಯಾಗಿ ಅಡ್ಮಿನಿಸ್ಟ್ರೇಟರುಗಳೇ ಆಗಿದ್ದರು. 2007ರ ವಿಸ್ಟಾದಿಂದೀಚೆಗೆ, ಪ್ರೋಗ್ರಾಮೊಂದು ಯಂತ್ರದ ಮೂಲವ್ಯವಸ್ಥೆಗೆ ಕೈಹಾಕುವ ಮೊದಲು ಪರದೆ ಮಸುಕಾಗಿ ಅನುಮತಿಯ ಪ್ರಶ್ನೆ ಬರುತ್ತದೆ. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿರುವವನಿಗೆ ಆ ಪ್ರಶ್ನೆ ‘ಎಸ್’ ಎಂಬ ಒಂದು ಗುಂಡಿ ಮಾತ್ರ, ಅದನ್ನು ಒತ್ತುವುದು ಕೈಗೆ ಅಭ್ಯಾಸವಾಗಿಬಿಡುತ್ತದೆ. ಸೀಮಿತ ಅಧಿಕಾರದ ‘ಸ್ಟ್ಯಾಂಡರ್ಡ್’ ಖಾತೆಯಲ್ಲಿರುವವನಿಗಾದರೋ ಅದು ಅಡ್ಮಿನಿಸ್ಟ್ರೇಟರಿನ ಪಾಸ್‌ವರ್ಡನ್ನೇ ಕೇಳುತ್ತದೆ. ಗೊತ್ತಿಲ್ಲದವನು ಅಲ್ಲಿಗೆ ನಿಲ್ಲಲೇಬೇಕು.

ಇದನ್ನು ಏರ್ಪಡಿಸುವುದು ಅರ್ಧ ಗಂಟೆಯ ಕೆಲಸ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಅಕೌಂಟ್ಸ್ ಎಂಬಲ್ಲಿಗೆ ಹೋಗಿ, ‘ಅದರ್ ಯೂಸರ್ಸ್’ ವಿಭಾಗದಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಖಾತೆಯನ್ನು ಸೇರಿಸಬೇಕು. ಮಿಂಚಂಚೆಯ ವಿಳಾಸವಿಲ್ಲದ ತಾತನಿಗೆ ಮೈಕ್ರೋಸಾಫ್ಟ್ ಖಾತೆಯಿಲ್ಲದೆಯೇ ಬರಿಯ ಹೆಸರಿನಿಂದ ತೆರೆಯುವ ಅವಕಾಶವೂ ಅಲ್ಲಿದೆ. ಹೀಗೆ ತೆರೆದ ಖಾತೆಗಳು ತಾವಾಗಿಯೇ ಸ್ಟ್ಯಾಂಡರ್ಡ್ ವರ್ಗದವಾಗಿರುತ್ತವೆ, ಅವನ್ನು ಹಾಗೆಯೇ ಬಿಡತಕ್ಕದ್ದು. ಮೊದಲಿನ ಅಡ್ಮಿನಿಸ್ಟ್ರೇಟರ್ ಖಾತೆಗೆ ಭದ್ರವಾದ ಪಾಸ್‌ವರ್ಡನ್ನಿಟ್ಟು, ಅದನ್ನು ದೈನಂದಿನ ಕೆಲಸಕ್ಕೆ ಯಾರೂ ಬಳಸಕೂಡದು. ಯಾರೂ ಎಂದರೆ ಆ ಪಾಸ್‌ವರ್ಡನ್ನು ಬಲ್ಲವರೂ ಸೇರಿ. ತಂದೆಯಾದರೂ ತಮ್ಮ ಬ್ಯಾಂಕಿನ ವ್ಯವಹಾರವನ್ನು ತಮ್ಮ ಸ್ಟ್ಯಾಂಡರ್ಡ್ ಖಾತೆಯಿಂದಲೇ ಮಾಡಬೇಕು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವ ಬದಲು, ಬೀರುವಿನಲ್ಲಿ ಮನೆಯ ಪತ್ರಗಳಿರುವ ಕಡೆ ಒಂದು ಹಾಳೆಯಲ್ಲಿ ಬರೆದಿಡುವುದು ಲೇಸು; ಅಂತರ್ಜಾಲದ ಕಳ್ಳನು ಬೀರುವನ್ನು ತೆರೆಯಲಾರ. ಇದನ್ನು ಕಾಯತಕ್ಕವರು ಮನೆಯ ಯಜಮಾನರೇ ಆಗಬೇಕೆಂದಿಲ್ಲ. ತಾಳ್ಮೆಯಿಂದ ಓದಿ, ಆತುರಪಡದೆ ಉತ್ತರಿಸುವ ಸ್ವಭಾವ ಯಾರದೋ ಅವರಿಗೆ ಆ ಹೊಣೆ ಸಲ್ಲಲಿ. ಎಷ್ಟೋ ಮನೆಗಳಲ್ಲಿ ಅಂಥವಳು ಕಾಲೇಜಿಗೆ ಹೋಗುವ ಮಗಳಾಗಿರುತ್ತಾಳೆ.

ಈ ಏರ್ಪಾಡಿನ ಮಿತಿಯನ್ನೂ ಹೇಳದಿದ್ದರೆ ಓದುಗರಿಗೆ ಅನ್ಯಾಯವಾದೀತು. ಸ್ಟ್ಯಾಂಡರ್ಡ್ ಖಾತೆಯು ಮಗನ ಖಾತೆಯಲ್ಲಿ ಬಂದ ಕೇಡನ್ನು ಮೂಲವ್ಯವಸ್ಥೆಗೂ ಇತರರ ಖಾತೆಗಳಿಗೂ ಹೋಗದಂತೆ ತಡೆಯುತ್ತದೆ. ಮಗನ ಸ್ವಂತ ಫೈಲುಗಳನ್ನು ಅದು ಕಾಯಲಾರದು. ಇದರ ಜತೆಗೆ ನಮ್ಮ ದೇಶದ ಮನೆಗಳಿಗೆ ವಿಶೇಷವಾದ ಇನ್ನೊಂದು ತೊಡಕುಂಟು. ಅಂಗಡಿಯವರು ಜೋಡಿಸಿಕೊಟ್ಟ ಕಂಪ್ಯೂಟರುಗಳಲ್ಲಿ ಡಿಸ್ಕನ್ನು ‘ಸಿ’ ಮತ್ತು ‘ಡಿ’ ಎಂದು ವಿಭಾಗಿಸಿರುತ್ತಾರೆ, ‘ಮುಖ್ಯವಾದುದನ್ನೆಲ್ಲ ಡಿ ಡ್ರೈವಿನಲ್ಲಿ ಹಾಕಿ, ಅದು ಸೇಫು’ ಎಂಬ ಹಿತವಚನವನ್ನೂ ಹೇಳಿ ಕಳುಹಿಸುತ್ತಾರೆ. ವಿಂಡೋಸನ್ನು ಮತ್ತೆ ಹೊಸದಾಗಿ ಹಾಕುವಾಗ ‘ಸಿ’ ಮಾತ್ರ ಅಳಿಯುತ್ತದೆಂಬ ಅರ್ಥದಲ್ಲಿ ಆ ಮಾತು ನಿಜ. ಆದರೆ ಪ್ರತಿಯೊಬ್ಬರ ಖಾತೆಗೂ ಪ್ರತ್ಯೇಕವಾದ ರಕ್ಷಣೆಯಿರುವುದು ‘ಸಿ’ ಡ್ರೈವಿನ ‘ಯೂಸರ್ಸ್’ ಫೋಲ್ಡರಿನೊಳಗೆ. ‘ಡಿ’ ಡ್ರೈವು ಸಾಮಾನ್ಯವಾಗಿ ಯಂತ್ರದ ಎಲ್ಲ ಬಳಕೆದಾರರೂ ಓದಬಹುದಾದ, ತಿದ್ದಬಹುದಾದ, ಅಳಿಸಬಹುದಾದ ಬಯಲು. ಮಗನ ಖಾತೆಗೆ ಬಂದ ಒತ್ತೆಹಣದ ತಂತ್ರಾಂಶವು ತಂದೆಯ ಡಾಕ್ಯುಮೆಂಟ್ಸ್ ಫೋಲ್ಡರನ್ನು ಮುಟ್ಟಲಾರದೆ ಹೋದರೂ, ‘ಡಿ’ಯಲ್ಲಿರುವ ಮಗಳ ನಾಮಕರಣದ ಫೋಟೋಗಳನ್ನೂ ಅಕ್ಕನ ಮದುವೆಯ ವಿಡಿಯೋವನ್ನೂ ಗೂಢಲಿಪಿಯಾಗಿಸಿಬಿಡಬಲ್ಲುದು. ಮತ್ತೆ ದೊರಕಿಸಲಾಗದ ವಸ್ತು ಯಾವುದೋ ಅದರ ಒಂದು ಪ್ರತಿ ಬೇರೊಂದು ಹಾರ್ಡ್ ಡಿಸ್ಕಿನಲ್ಲಿರಬೇಕು. ಪ್ರತಿ ಮಾಡಿದ ಬಳಿಕ ಆ ಡಿಸ್ಕನ್ನು ಯಂತ್ರದಿಂದ ಕಳಚಿ ಬೀರುವಿನಲ್ಲಿಡಬೇಕು. ಸದಾ ಚುಚ್ಚಿಕೊಂಡೇ ಇರುವ ಡಿಸ್ಕು ಯಂತ್ರದ ಜತೆಯಲ್ಲಿಯೇ ಹಾಳಾಗುತ್ತದೆ. ಹಬ್ಬವೋ ಸಮಾರಂಭವೋ ಮುಗಿದು ಹೊಸ ಚಿತ್ರಗಳು ಬಂದಾಗಲೆಲ್ಲ ಈ ಕೆಲಸವನ್ನು ಮಾಡುವುದು ಒಳ್ಳೆಯ ಪದ್ಧತಿ.

ಜೆರಾಕ್ಸ್ ಅಂಗಡಿಯ ಪೆನ್‌ಡ್ರೈವಿನ ವಿಚಾರಕ್ಕೆ ಬರುತ್ತೇನೆ; ಏಕೆಂದರೆ ಕರ್ನಾಟಕದ ಊರೂರಿನ ವಿದ್ಯಾರ್ಥಿಗಳಿಗೆ ವೈರಸ್ಸಿನ ಪ್ರಥಮ ಪರಿಚಯವಾಗುವ ಸ್ಥಳ ಅದೇ. ಹುಡುಗಿಯೊಬ್ಬಳು ಪ್ರಾಜೆಕ್ಟು ವರದಿಯನ್ನು ಪ್ರಿಂಟು ತೆಗೆಸಲು ಹೋಗುತ್ತಾಳೆ. ಅಂಗಡಿಯ ಕಂಪ್ಯೂಟರಿಗೆ ದಿನವೂ ಹತ್ತಾರು ಪೆನ್‌ಡ್ರೈವುಗಳು ಬಂದು ಹೋಗುತ್ತಿರುತ್ತವೆ. ಮನೆಗೆ ಬಂದು ನೋಡಿದರೆ ಪೆನ್‌ಡ್ರೈವಿನೊಳಗೆ ಫೋಲ್ಡರುಗಳೇನೋ ಇವೆ, ಆದರೆ ಪ್ರತಿಯೊಂದರ ಎಡಗಡೆಯ ಕೆಳಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತು. ವಿವರಗಳ ಸಾಲಿನಲ್ಲಿ ‘ಫೈಲ್ ಫೋಲ್ಡರ್’ ಎಂದಿರಬೇಕಾದ ಕಡೆ ‘ಶಾರ್ಟ್‌ಕಟ್’ ಎಂದಿದೆ, ಗಾತ್ರ ಒಂದೆರಡು ಕೆ.ಬಿ. ಮಾತ್ರ. ನಿಜವಾದ ಫೋಲ್ಡರುಗಳನ್ನು ಅದೃಶ್ಯವಾಗಿಸಿ, ಅವುಗಳ ಹೆಸರನ್ನೇ ಹೊತ್ತ ಈ ಶಾರ್ಟ್‌ಕಟ್ಟುಗಳನ್ನು ವೈರಸ್ಸು ಮುಂದೆ ನಿಲ್ಲಿಸಿದೆ. ಒಂದನ್ನು ಒತ್ತಿದರೆ ಮೊದಲು ವೈರಸ್ಸು ಓಡುತ್ತದೆ, ಆಮೇಲೆ ನಿಜವಾದ ಫೋಲ್ಡರೂ ತೆರೆದುಕೊಳ್ಳುತ್ತದೆ. ಹೀಗಾಗಿ ಏನೂ ಆಗಲಿಲ್ಲವೆಂದೇ ಬಳಕೆದಾರಳು ತಿಳಿಯುತ್ತಾಳೆ. ಹಿಂದೆ ಪೆನ್‌ಡ್ರೈವನ್ನು ಚುಚ್ಚಿದ ಮಾತ್ರಕ್ಕೆ ಅದರೊಳಗಿನ ಪ್ರೋಗ್ರಾಮು ಓಡುವಂತೆ ಮಾಡುತ್ತಿದ್ದ ಆಟೋರನ್ ಸೌಲಭ್ಯವನ್ನು ವಿಂಡೋಸ್ 7ರಿಂದ ತೆಗೆದುಹಾಕಲಾಗಿದೆ, 2011ರಲ್ಲಿ ಹಳೆಯ ಆವೃತ್ತಿಗಳಿಗೂ ಈ ಬದಲಾವಣೆಯನ್ನು ವಿಸ್ತರಿಸಿದರು. ಆದುದರಿಂದ ಇಂದು ಈ ವೈರಸ್ಸಿಗೆ ನಮ್ಮ ಒಂದು ಕ್ಲಿಕ್ಕು ಬೇಕೇ ಬೇಕು. ಬಾಣದ ಗುರುತನ್ನು ಕಂಡೊಡನೆ ಕೈಯನ್ನು ಹಿಂದಕ್ಕೆ ತೆಗೆದು, ಡ್ರೈವಿನ ಮೇಲೆ ಬಲಗುಂಡಿ ಒತ್ತಿ ಸ್ಕ್ಯಾನ್ ಮಾಡಿಸುವುದೇ ಸರಿಯಾದ ಕ್ರಮ. ವೈರಸ್ಸು ಅಳಿದ ಮೇಲೆ ಬಚ್ಚಿಟ್ಟ ಫೋಲ್ಡರುಗಳನ್ನು ‘ಹಿಡನ್ ಐಟಮ್ಸ್’ ಎಂಬ ಆಯ್ಕೆಯಿಂದಲೋ, ಅದರಿಂದಲೂ ಕಾಣದಿದ್ದರೆ ಕಮಾಂಡ್ ಪ್ರಾಂಪ್ಟಿನ ‘ಆಟ್ರಿಬ್’ ಎಂಬ ಆಜ್ಞೆಯಿಂದಲೋ ಹೊರತರಬಹುದು. ಆಧಾರ್ ಮೊದಲಾದ ದಾಖಲೆಗಳಿರುವ ಪೆನ್‌ಡ್ರೈವನ್ನು ಅಂಗಡಿಗೆ ಒಯ್ಯಲೇಬಾರದು. ಅಂಗಡಿಗೆಂದೇ ಒಂದು ಅಗ್ಗದ ಪೆನ್‌ಡ್ರೈವನ್ನಿಟ್ಟುಕೊಂಡು, ಪ್ರಿಂಟಾಗಬೇಕಾದ ಪಿಡಿಎಫ್ ಒಂದನ್ನೇ ಅದರಲ್ಲಿ ಹಾಕಿ, ಬಂದ ಮೇಲೆ ಫಾರ್ಮ್ಯಾಟ್ ಮಾಡಿಬಿಟ್ಟರೆ ತಾಪತ್ರಯವೇ ಇಲ್ಲ.

ಆಂಟಿವೈರಸ್ಸಿನ ವಿಷಯ ಚಿಕ್ಕದು. ವಿಂಡೋಸ್ 8ರಿಂದ ಈಚೆಗಿನ ಯಂತ್ರಗಳಲ್ಲೆಲ್ಲ ಡಿಫೆಂಡರ್ ಎಂಬ ರಕ್ಷಕ ಒಳಗೇ ಇರುತ್ತದೆ. ಎಚ್ಚರದ ಕುಟುಂಬಕ್ಕೆ ಅದು ಸಾಕು. ಪುಣೆಯ ಕ್ವಿಕ್ ಹೀಲ್ ಮುಂತಾದ ಸಂಸ್ಥೆಗಳ ತಂತ್ರಾಂಶವನ್ನು ಹಣ ಕೊಟ್ಟು ಹಾಕಿಸಿಕೊಳ್ಳುವವರು ಒಂದನ್ನೇ ಹಾಕಿಸಿಕೊಳ್ಳಲಿ. ಎರಡನ್ನು ಒಟ್ಟಿಗೆ ಇಟ್ಟರೆ ಅವು ಪರಸ್ಪರ ತೊಡಕಾಗಿ ಯಂತ್ರವೇ ಕುಂಟುತ್ತದೆ. ಆದರೆ ಯಾವ ರಕ್ಷಕನನ್ನೂ ನಿಷ್ಪ್ರಯೋಜಕಗೊಳಿಸುವ ಒಂದು ಅಭ್ಯಾಸವನ್ನು ಇಲ್ಲಿ ನೇರವಾಗಿ ಖಂಡಿಸಬೇಕಾಗಿದೆ. ಪರವಾನಗಿಯ ಹಣ ಉಳಿಸುವುದಕ್ಕಾಗಿ ವಿಂಡೋಸನ್ನೋ ಫೋಟೋಶಾಪನ್ನೋ ದುಬಾರಿ ಆಟವನ್ನೋ ‘ಆಕ್ಟಿವೇಟರ್’, ‘ಕ್ರ್ಯಾಕ್’ ಎಂಬ ಸಣ್ಣ ಪ್ರೋಗ್ರಾಮುಗಳಿಂದ ತೆರೆಯಿಸುವುದು ನಮ್ಮಲ್ಲಿ ಅಂಗಡಿಯವರಿಂದ ಹಿಡಿದು ಸಭ್ಯ ಗೃಹಸ್ಥರವರೆಗೆ ಸಾಮಾನ್ಯವಾಗಿಬಿಟ್ಟಿದೆ. ಇವುಗಳ ಜತೆಗೆ ಬರುವ ಸೂಚನೆಯ ಮೊದಲ ಸಾಲು ಏನು? ‘ಆಂಟಿವೈರಸ್ಸನ್ನು ನಿಲ್ಲಿಸಿರಿ’ ಎಂಬುದು. ಅಪರಿಚಿತನ ಪ್ರೋಗ್ರಾಮಿಗೆ ಯಂತ್ರದ ಸರ್ವಾಧಿಕಾರವನ್ನು ಕೊಟ್ಟು, ರಕ್ಷಕನನ್ನೂ ಮಲಗಿಸಿ, ಅದೇ ಯಂತ್ರದಲ್ಲಿ ರಾತ್ರಿ ಬ್ಯಾಂಕಿನ ಪಾಸ್‌ವರ್ಡನ್ನು ಬೆರಳಚ್ಚಿಸುವುದು ಎಂಥ ಸಾಹಸವೆಂಬುದನ್ನು ಓದುಗರೇ ವಿವೇಚಿಸಬೇಕು. ಬರೆಹ, ಲೆಕ್ಕಗಳಿಗೆ ಲಿಬ್ರೆ ಆಫೀಸಿನಂಥ ಉಚಿತ ತಂತ್ರಾಂಶ ನ್ಯಾಯವಾಗಿಯೇ ದೊರೆಯುತ್ತಿರುವಾಗ ಈ ಅಪಾಯಕ್ಕೆ ಕೊರಳೊಡ್ಡುವುದು ಅನಗತ್ಯ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವನ್ನಾಗಲಿ, ‘ಬರಹ’ ಎಂಬ ತಂತ್ರಾಂಶವನ್ನಾಗಲಿ ಹಾಕಿಕೊಳ್ಳಬೇಕೆಂದಾಗ ಹುಡುಕಾಟದಲ್ಲಿ ಮೊದಲು ಕಂಡ ಕೊಂಡಿಯನ್ನು ಒತ್ತುವುದು ಬೇಡ. ಜನಪ್ರಿಯವಾದ ಯಾವ ತಂತ್ರಾಂಶದ ಹೆಸರಿನಲ್ಲಾದರೂ ‘ಫ್ರೀ ಡೌನ್‌ಲೋಡ್’ ತಾಣಗಳು ಹುಟ್ಟಿಕೊಳ್ಳುತ್ತವೆ, ಅವುಗಳ ಪುಟದಲ್ಲಿ ನಾಲ್ಕು ದೊಡ್ಡ ಹಸಿರು ಗುಂಡಿಗಳಿದ್ದರೆ ಮೂರು ಜಾಹೀರಾತಿನವು. ತಯಾರಿಸಿದವರ ಸ್ವಂತ ತಾಣದಿಂದಲೇ ಇಳಿಸಿಕೊಂಡು, ಹಾಕುವಾಗ ‘ನೆಕ್ಸ್ಟ್’ ಎಂದು ಒತ್ತುತ್ತ ಹೋಗದೆ, ಮೊದಲೇ ಗುರುತು ಹಾಕಿಟ್ಟ ಚೌಕಗಳನ್ನು ಓದಿ ಬೇಡದ್ದನ್ನು ತೆಗೆಯಬೇಕು. ಬ್ರೌಸರಿನ ಮೊದಲ ಪುಟ ತಾನಾಗಿ ಬದಲಾಗುವುದೂ ಹುಡುಕಿದ್ದು ಬಿಟ್ಟು ಬೇರೆಲ್ಲಿಗೋ ಹೋಗುವುದೂ ಈ ಚೌಕಗಳ ಫಲ.

ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಗಳಿಗೆಗೊಮ್ಮೆ ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ಸುಗಳಿವೆ’ ಎಂದು ಎಗರುವ ಎಚ್ಚರಿಕೆಯನ್ನು ಕಂಡು ಎಷ್ಟೋ ಹಿರಿಯರು ಗಾಬರಿಯಾಗುತ್ತಾರೆ. ಅದು ಬಹುತೇಕ ವೈರಸ್ಸಲ್ಲ. ಯಾವುದೋ ತಾಣ ‘ನೋಟಿಫಿಕೇಷನ್’ ಕಳುಹಿಸಲೆ ಎಂದು ಕೇಳಿದಾಗ ಯಾರೋ ‘ಅಲೌ’ ಎಂದು ಒತ್ತಿದುದರ ಪರಿಣಾಮ. ಬ್ರೌಸರಿನ ಸೆಟ್ಟಿಂಗಿನಲ್ಲಿ ಆ ತಾಣದ ಅನುಮತಿಯನ್ನು ರದ್ದುಮಾಡಿದರೆ ಕ್ಷಣದಲ್ಲಿ ನಿಲ್ಲುತ್ತದೆ. ಪರದೆಯನ್ನೆಲ್ಲ ಆವರಿಸಿ, ಈ ಸಂಖ್ಯೆಗೆ ಕರೆಮಾಡಿರೆಂದು ಕೂಗುವ ಪುಟವೂ ಅದೇ ವಂಚಕರದು. ಯಾವ ಪ್ರಾಮಾಣಿಕ ಸಂಸ್ಥೆಯೂ ವೈರಸ್ಸಿನ ಎಚ್ಚರಿಕೆಯ ಜತೆಗೆ ದೂರವಾಣಿಯ ಸಂಖ್ಯೆಯನ್ನು ಕೊಡುವುದಿಲ್ಲ. ಎಸ್ಕೇಪ್ ಕೀಲಿಯನ್ನು ಕೆಲಹೊತ್ತು ಒತ್ತಿಹಿಡಿದು ಬ್ರೌಸರನ್ನು ಮುಚ್ಚಿದರಾಯಿತು. ಇವೆರಡಕ್ಕಿಂತಲೂ ಕುಟಿಲವಾದ ಉಪಾಯವೊಂದು 2024ರಿಂದೀಚೆಗೆ ವಿಶೇಷವಾಗಿ ಹಬ್ಬಿದೆ. ‘ನೀವು ಮನುಷ್ಯರೆಂದು ಸಾಬೀತುಪಡಿಸಿ’ ಎಂಬ ಪರಿಚಿತವಾದ ಪೆಟ್ಟಿಗೆಯನ್ನು ಒತ್ತಿದ ಮೇಲೆ, ವಿಂಡೋಸ್ ಕೀಲಿಯನ್ನು ‘ಆರ್’ ಜತೆಗೂ, ಅನಂತರ ಕಂಟ್ರೋಲ್ ಕೀಲಿಯನ್ನು ‘ವಿ’ ಜತೆಗೂ, ಕೊನೆಗೆ ಎಂಟರನ್ನೂ ಒತ್ತಿರೆಂದು ಆ ಪುಟ ಹೇಳುತ್ತದೆ. ಮೊದಲನೆಯದು ‘ರನ್’ ಪೆಟ್ಟಿಗೆಯನ್ನು ತೆರೆಯುತ್ತದೆ. ಎರಡನೆಯದು ಆ ಪುಟ ಗುಟ್ಟಾಗಿ ನಮ್ಮ ಕ್ಲಿಪ್‌ಬೋರ್ಡಿಗೆ ಸೇರಿಸಿದ್ದ ಆಜ್ಞೆಯನ್ನು ಅಲ್ಲಿ ಅಂಟಿಸುತ್ತದೆ. ಮೂರನೆಯದರಿಂದ ಕಳ್ಳ ತಂತ್ರಾಂಶವನ್ನು ನಾವೇ ಕರೆದು ತಂದಂತಾಗುತ್ತದೆ. ವಿಂಡೋಸ್ ಕೀಲಿಯನ್ನೂ ‘ಆರ್’ ಕೀಲಿಯನ್ನೂ ಒಟ್ಟಿಗೆ ಒತ್ತಲು ಯಾವ ಜಾಲತಾಣ ಹೇಳಿದರೂ ಅದು ಮೋಸವೆಂದು ಮನೆಯ ಮಕ್ಕಳಿಂದ ಮುದುಕರವರೆಗೆ ಪ್ರತಿಯೊಬ್ಬರಿಗೂ ಇಂದೇ ತಿಳಿಸಿಡಬೇಕು.

ಈಗ, ಇಷ್ಟೆಲ್ಲ ಮಾಡಿಯೂ ಒಂದು ದಿನ ಯಾರಾದರೊಬ್ಬರು ಒತ್ತಬಾರದ್ದನ್ನು ಒತ್ತಿಯೇ ಒತ್ತುತ್ತಾರೆ. ಆ ದಿನದ ಫಲಿತಾಂಶವು ಅವರು ಎಷ್ಟು ಬೇಗ ಬಂದು ಹೇಳಿದರೆಂಬುದನ್ನು ಅವಲಂಬಿಸಿರುತ್ತದೆ. ಗದರಿಕೆಗೆ ಹೆದರಿದ ಹುಡುಗ ಯಂತ್ರವನ್ನು ಆರಿಸಿ ಸುಮ್ಮನೆ ಎದ್ದುಹೋಗುತ್ತಾನೆ. ‘ಈ ವಯಸ್ಸಿನಲ್ಲಿ ನಿಮಗೇಕೆ ಇದೆಲ್ಲ’ ಎಂಬ ಮಾತನ್ನು ಒಮ್ಮೆ ಕೇಳಿಸಿಕೊಂಡ ತಾತ ಎರಡನೆಯ ಸಲ ಬಾಯಿಬಿಡುವುದಿಲ್ಲ. ಕದ್ದ ಗುರುತುಗಳು ಕಳ್ಳರ ಕೈ ಸೇರಿ ಬಳಕೆಯಾಗುವುದಕ್ಕೆ ಕೆಲವು ಗಂಟೆಗಳು ಸಾಕು. ಮನೆಯವರ ಮೌನವೇ ಆ ಗಂಟೆಗಳನ್ನು ಕಳ್ಳನಿಗೆ ದಾನ ಮಾಡುತ್ತದೆ. ತಪ್ಪನ್ನು ಹೇಳಿಕೊಂಡು ಬಂದವರಿಗೆ ಮೊದಲ ಮಾತು ‘ಹೇಳಿದ್ದು ಒಳ್ಳೆಯದಾಯಿತು’ ಎಂಬುದಾಗಿರಲಿ. ಏನು ಕಾಣಿಸಿತು, ಏನನ್ನು ಒತ್ತಿದೆ, ಯಾವಾಗ, ಎಂಬ ಪ್ರಶ್ನೆಗಳು ಅದರ ಬಳಿಕ. ಇದು ಮಾರ್ದವದ ಮಾತಷ್ಟೇ ಅಲ್ಲ. ಯಂತ್ರವನ್ನು ಶುದ್ಧಗೊಳಿಸುವವನಿಗೆ ಈ ಮೂರು ಉತ್ತರಗಳಿಗಿಂತ ಉಪಯುಕ್ತವಾದ ಸಾಧನ ಬೇರೊಂದಿಲ್ಲ.

ಸೋಂಕು ತಗುಲಿದ ಮೇಲಿನ ಕ್ರಮಕ್ಕೆ ಹೋಗುವ ಮುನ್ನ ಹಳೆಯ ಯಂತ್ರಗಳ ಸಂಗತಿಯನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ನಿಂತುಹೋಯಿತು. ವಿಂಡೋಸ್ 10ರ ಗೃಹಬಳಕೆದಾರರಿಗೆ, ನೋಂದಾಯಿಸಿಕೊಂಡರೆ, ಒಂದು ವರ್ಷದ ಹೆಚ್ಚಿನ ಅವಧಿಯನ್ನು ಕೊಟ್ಟರು. ಅಪ್‌ಡೇಟು ಬಾರದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಸಲ್ಲದು. ವಿಂಡೋಸ್ 11ನ್ನು ತಾಳಲಾರದ ಯಂತ್ರಕ್ಕೆ ಉಬುಂಟುವಿನಂಥ ಲಿನಕ್ಸ್ ಹಾಕಿಸಿದರೆ ತಾತನ ಯಕ್ಷಗಾನಕ್ಕೂ ಪ್ರವಚನಕ್ಕೂ ಕನ್ನಡದ ಬರವಣಿಗೆಗೂ ಯಾವ ಅಡ್ಡಿಯೂ ಆಗದು.

ಸೋಂಕು ತಗುಲಿದೆಯೆಂಬ ಸಂದೇಹ ಬಲವಾದಾಗ ಮೊದಲು ವೈಫೈಯನ್ನು ಆರಿಸಬೇಕು, ಕೇಬಲ್ಲಿದ್ದರೆ ಕೀಳಬೇಕು. ಹೊರಕ್ಕೆ ಹೋಗುತ್ತಿರುವುದು ಅಲ್ಲಿಗೆ ನಿಲ್ಲುತ್ತದೆ. ಬಳಿಕ ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನನ್ನು ಆರಿಸಿಕೊಳ್ಳಬೇಕು. ಅದು ವಿಂಡೋಸ್ ಏಳುವ ಮೊದಲೇ ಪರೀಕ್ಷೆ ನಡೆಸುವುದರಿಂದ ಅಡಗಿಕೊಳ್ಳುವ ಜಾತಿಯವೂ ಸಿಕ್ಕುತ್ತವೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಿಂದ ನಡೆಸುತ್ತಿರುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಇಂಥ ಶುದ್ಧೀಕರಣದ ಉಪಕರಣಗಳು ಉಚಿತವಾಗಿ ದೊರೆಯುತ್ತವೆ. ಬ್ಯಾಂಕಿನಿಂದ ಹಣ ಹೋಗಿದ್ದರೆ ಸ್ಕ್ಯಾನಿಗಾಗಿ ಕಾಯುತ್ತ ಕೂರದೆ ಆ ಕೂಡಲೆ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ಕರೆಮಾಡತಕ್ಕದ್ದು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಹಿಡಿಯುವ ಸಂಭವ ಹೆಚ್ಚು. ನಮ್ಮ ಜಿಲ್ಲೆಗಳಲ್ಲಿರುವ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ದೂರು ಕೊಡುವುದು ಅದರ ಜತೆಗಿನ ಕೆಲಸ. ಇನ್ನು ಬದಲಾಯಿಸಬೇಕಾದ ಪಾಸ್‌ವರ್ಡುಗಳು: ಮೊದಲು ಮಿಂಚಂಚೆಯದು, ಆಮೇಲೆ ಬ್ಯಾಂಕಿನದು, ಉಳಿದವು ಅನಂತರ, ಪ್ರತಿಯೊಂದರಲ್ಲಿಯೂ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಎಂಬುದನ್ನು ಒತ್ತಬೇಕು, ಕದ್ದ ಕುಕೀ ನಿಷ್ಫಲವಾಗುವುದು ಅದರಿಂದಲೇ. ಈ ಬದಲಾವಣೆಯನ್ನೆಲ್ಲ ಮಾಡತಕ್ಕದ್ದು ಸೋಂಕಿಲ್ಲದ ಮೊಬೈಲಿನಿಂದಲೋ ಬೇರೊಂದು ಕಂಪ್ಯೂಟರಿನಿಂದಲೋ. ಅದೇ ಯಂತ್ರದ ಮುಂದೆ ಕುಳಿತು ಹೊಸ ಪಾಸ್‌ವರ್ಡನ್ನು ಬೆರಳಚ್ಚಿಸಿದರೆ, ಹಳೆಯದನ್ನು ಓದಿದವನೇ ಹೊಸದನ್ನೂ ಓದುತ್ತಿರುತ್ತಾನೆ.